ರೋಲಂಡನ ಒಂದೇ ಉತ್ತರ

ಮಾರ್ಚ್ ೧೧, ಮಂಗಳವಾರ. ಪೈನ್ ಬ್ಲಫ್.

ನಾಳೆ ವಿಚಾರಣೆ. ಸೈನ್ಯದ ಅಧಿಕಾರಿಗಳ ಮುಂದೆ.

ಮೊಮ್ಮಗ ರೋಲಂಡನನ್ನು ಸೈನ್ಯದವರು ಬಿಡುಗಡೆ ಪತ್ರದಲ್ಲಿ ಕೆಟ್ಟ ಹೆಸರು ಬರೆದು ಮನೆಗೆ ಕಳಿಸಿ ಒಂಬತ್ತು ವರ್ಷವಾಯಿತು. ರಜೆ ಕೇಳದೆ ಶಿಬಿರ ಬಿಟ್ಟು ಹೋಗಿದ್ದ, ಅದು ತಪ್ಪೇ. ನಾಳೆ ಆ ಹೆಸರು ತಿದ್ದಿಕೊಟ್ಟರೆ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅವನ ನಿದ್ದೆಗೇಡಿಗೆ, ಕೈನಡುಕಕ್ಕೆ ಸರಿಯಾದ ಚಿಕಿತ್ಸೆ ಸಿಗುತ್ತದೆ. ಯಾಕೆ ಹೋದೆ ಎನ್ನುವುದನ್ನು ಬಾಯಿಬಿಟ್ಟು ಹೇಳಲೇಬೇಕು ಎಂದಿದ್ದಾಳೆ ವಕೀಲೆ.

ಊಟವಾದ ಮೇಲೆ ನಾನೇ ಅಧಿಕಾರಿಯಾಗಿ ಕೂತು, "ಶಿಬಿರ ಯಾಕೆ ಬಿಟ್ಟೆ?" ಎಂದೆ. ಅವನು ಬೆನ್ನು ನೆಟ್ಟಗೆ ಮಾಡಿ, "ನೆಪ ಏನೂ ಇಲ್ಲ, ಸರ್!" ಎಂದ. ತಪ್ಪಿಗೆ ಕಾರಣ ಕೊಡಬಾರದು ಎಂದು ಅಲ್ಲಿ ಕಲಿಸಿದ್ದರಂತೆ. ಮತ್ತೆ ಕೇಳಿದರೆ ಮತ್ತೆ ಅದೇ.

"ಗಿಣಿಗಾದ್ರೂ ನಾಲ್ಕು ಮಾತು ಬರುತ್ತಲ್ಲೋ!"

"ಅಜ್ಜೀ, ಅಧಿಕಾರಿಗಳು ಹಿಂಗೆಲ್ಲ ಬೈಯಲ್ಲ."

ಇಬ್ಬರೂ ನಕ್ಕೆವು. ಆಮೇಲೆ ಪಾತ್ರೆ ತೊಳೆಯುತ್ತಾ ಸುಮ್ಮನೆ ಕೇಳಿದೆ. "ಎಲ್ಲಿಗೆ ಹೋಗಿದ್ಯೋ ಮಗಾ?"

ಒರೆಸುತ್ತಿದ್ದ ತಟ್ಟೆ ಅವನ ಕೈಯಲ್ಲೇ ನಿಂತಿತು. "ನನ್ ಜೊತೇಲಿದ್ದು ಸತ್ತೋದ್ನಲ್ಲ ಟೆರೆಲ್, ಅವನ ಅಮ್ಮನ ಹತ್ರ. ಸಾಯೋವಾಗ ಅವನ ಕೈ ಹಿಡ್ಕೊಂಡಿದ್ದೆ ಅಂತ ಹೇಳ್ಬೇಕಿತ್ತು. ದಿನಾ ಅವರ ಮನೆ ಮುಂದೆ ಕಾರಲ್ಲೇ ಕೂತಿದ್ದೆ ಅಜ್ಜಿ, ಬಾಗಿಲು ತಟ್ಟೋಕಾಗ್ಲಿಲ್ಲ."

ಇಷ್ಟು ವರ್ಷ ನನಗೂ ಹೇಳದ ಮಾತು. ನಾಳೆ ಕೇಳುವವರು ನಿಜವಾದ ಅಧಿಕಾರಿಗಳು. ನನಗೆ ಸಾಕ್ಷಿ ಹೇಳಲು ಬಿಡುತ್ತಾರೋ ಇಲ್ಲವೋ, ಬೆಳಿಗ್ಗೆಯೇ ವಕೀಲೆಗೆ ಫೋನ್ ಮಾಡಿ ಕೇಳಬೇಕು.

ಪಕ್ಕದ ಕೋಣೆಯಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಿದ್ದಾನೆ. "ಟೆರೆಲ್ ಅಮ್ಮನ ಹತ್ರ, ಸರ್. ಟೆರೆಲ್ ಸಾಯೋವಾಗ..." ಪ್ರತಿ ಸಲವೂ ಅಲ್ಲಿಗೇ ನಿಲ್ಲುತ್ತಾನೆ.