ಹೆಸರು ಕೊಟ್ಟೆ, ಚಾವಿ ಕೊಡಲಾರೆ

ಶ್ರೀರಾಮನಗರ,
ಶನಿವಾರ

ಹನಮೇಶಣ್ಣನಿಗೆ,

ಫೋನಿನಲ್ಲೇ ಹೇಳೋಣವೆಂದರೆ ನೀನು ಮಾತಾಡಲು ಬಿಡುವುದಿಲ್ಲ. ನಿನ್ನೆ ನಾನು ಫೋನು ಎತ್ತಿದ ಕೂಡಲೇ “ಕಳ್ಳಿ, ನನ್ನ ಗಾಡಿ ತಂದು ಬಿಡ್ತೀಯೋ ಇಲ್ಲೋ” ಎಂದು ಒದರಿದೆ. ನಾನು ಇಟ್ಟುಬಿಟ್ಟೆ. ಹೆದರಿ ಇಟ್ಟಿದ್ದಲ್ಲ. ನನ್ನ ಬಾಯಿಗೂ ಅಂಥದೇ ಮಾತು ಬಂದಿತ್ತು, ಪಕ್ಕದಲ್ಲಿ ಅವ್ವ ಕೂತಿದ್ದಳು. ಕಾಗದದ ಮೇಲಾದರೆ ನಡುವೆ ಬಾಯಿ ಹಾಕಲು ನಿನಗೆ ಬರುವುದಿಲ್ಲ. ಪೂರ್ತಿ ಓದು. ಓದುವಾಗ ಕುಡಿದಿರಬೇಡ.

ಗಾಡಿ ಇಲ್ಲೇ ಇದೆ, ನಮ್ಮ ಕ್ವಾರ್ಟರ್ಸಿನ ಬೇವಿನ ಮರದ ಕೆಳಗೆ. ಅದನ್ನು ನಾನು ಕದ್ದು ತಂದಿಲ್ಲ. ಅದರ ಆರ್‌ಸಿಯಲ್ಲಿ ಈಗ ಇರುವುದು ನನ್ನ ಹೆಸರು, ವಿಮೆಯಲ್ಲೂ ನನ್ನ ಹೆಸರು. ಎರಡನ್ನೂ ಮಾಡಿಸಿದವನು ನೀನೇ.

ನಿನಗೆ ಮರೆತಿರಬಹುದು, ನನಗೆ ಮರೆಯಲು ಆಗುತ್ತಿಲ್ಲ. ಹೋದ ವರ್ಷ ಭತ್ತದ ನಾಟಿಯ ದಿನಗಳವು. ಹೊತ್ತು ಮುಳುಗುವಾಗ, ನಾನು ನರ್ಸ್ ಡ್ಯೂಟಿಯಲ್ಲಿದ್ದಾಗ, ನಮ್ಮ ಆಸ್ಪತ್ರೆಗೆ ಟಂಟಂ ಆಟೋದಲ್ಲಿ ಒಬ್ಬಾಕೆಯನ್ನು ಹೊತ್ತು ತಂದರು. ಮೈತುಂಬ ಗದ್ದೆಯ ಕೆಸರು, ತೊಡೆಯ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ನಾನು ಕೆಸರು ಒರೆಸಿದಾಗಲೇ ಗುರುತು ಸಿಕ್ಕಿತು: ಮೆಹಬೂಬಬೀ. ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವಾಕೆ, ನಮ್ಮ ಓಣಿಯ ಹಿಂದಿನ ಓಣಿಯವಳು. ಕಾಲುವೆ ರಸ್ತೆಯಲ್ಲಿ ಮನೆಗೆ ನಡೆದು ಬರುತ್ತಿದ್ದಳಂತೆ. ಯಾವುದೋ ಕಾರು ಗುದ್ದಿತು ಎಂದರು. ನಾನು ಆ ಕಾರಿನವನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ಬ್ಯಾಂಡೇಜು ಕಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪೊಲೀಸರು ರಕ್ತಪರೀಕ್ಷೆಗೆಂದು ಕಾರಿನವನನ್ನೂ ಕರೆತಂದರು. ಬಾಗಿಲಲ್ಲಿ ನೀನು ನಿಂತಿದ್ದೆ.

ನೀನು ಹತ್ತಿರ ಬರುವ ಮೊದಲೇ ಹೆಂಡದ ವಾಸನೆ ಬಂತು. ನನ್ನನ್ನು ನೋಡಿ ನಕ್ಕೆಯಲ್ಲ, ಆ ನಗೆ ಈಗಲೂ ನನ್ನ ಹೊಟ್ಟೆ ಉರಿಸುತ್ತದೆ. “ನಮ್ಮ ಸುನೀನ ಅದಾಳಲ್ಲ, ಇನ್ನೇನ್ ಚಿಂತಿ” ಎಂದು ಪೊಲೀಸರ ಮುಂದೆಯೇ ಹೇಳಿದೆ.

ಅವ್ವ ಗಂಗಾವತಿಯಿಂದ ಓಡಿ ಬಂದವಳೇ ನನ್ನ ಕೈ ಹಿಡಿದು ಮೂಲೆಗೆ ಎಳೆದಳು. “ಸುನೀ, ಡಾಕ್ಟರಗೆ ಒಂದ್ ಮಾತ್ ಹೇಳವ್ವಾ. ಅಂವ ಕುಡದಿಲ್ಲಂತ ಬರೀಲಿ. ನಿನ್ನ ಮಾತ್ ಕೇಳ್ತಾರ.”

“ಅವ್ವಾ, ಒಳಗ ಒಬ್ಬಾಕಿ ತೊಡಿ ಮುರಕೊಂಡು ಬಿದ್ದಾಳ. ಆಕೀನ ನೋಡಿದೇನು?” ಎಂದೆ.

ಅವ್ವ ಆ ಕಡೆ ತಿರುಗಲೂ ಇಲ್ಲ. ನಾನು ಡಾಕ್ಟರಿಗೆ ಏನೂ ಹೇಳಲಿಲ್ಲ. ಅವರು ರಕ್ತ ತೆಗೆದರು, ನಾನು ಸೀಸೆಯ ಮೇಲೆ ನಿನ್ನ ಹೆಸರು ಬರೆದೆ. ಅಷ್ಟಕ್ಕೇ ನೀನು ಊರೆಲ್ಲ ಹೇಳಿಕೊಂಡು ತಿರುಗಿದೆ, ‘ನನ್ನ ತಂಗೀನ ನನಗ ಶಿಕ್ಷಾ ಕೊಡಿಸಿದ್ಳು’ ಎಂದು. ಕುಡಿದವನು ನೀನು, ಗುದ್ದಿದವನು ನೀನು, ತಪ್ಪು ಮಾತ್ರ ಸೀಸೆಗೆ ಹೆಸರು ಬರೆದವಳದು.

ಕೋರ್ಟಿನಲ್ಲಿ ನಿನ್ನ ಕಡೆಯ ವಕೀಲರು ಒಪ್ಪಿಕೋ ಎಂದರು, ಒಪ್ಪಿಕೊಂಡೆ. ದಂಡ ಹಾಕಿ, ಲೈಸೆನ್ಸು ಅಮಾನತು ಮಾಡಿ ಕಳಿಸಿದರು. ಮೆಹಬೂಬಬೀಯನ್ನು ಕರೆಯುವ ಪ್ರಸಂಗವೇ ಬರಲಿಲ್ಲ. ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು! ನೀನು ಯಾವುದೋ ಯುದ್ಧ ಗೆದ್ದು ಬಂದಂತೆ ಅವ್ವ ನಿನಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಆಮೇಲೆ ಗಾಡಿಗೂ ನಿವಾಳಿಸಿ ಮುಂದುಗಡೆ ನಿಂಬೆಹಣ್ಣು ಕಟ್ಟಿದಳು. “ಗ್ರಹಚಾರ ಕಳೀತು ಬಿಡು” ಎಂದಳು. ಯಾರ ಗ್ರಹಚಾರ ಕಳೆಯಿತು ಅಣ್ಣಾ? ಮೆಹಬೂಬಬೀ ಆಗ ಕೊಪ್ಪಳದ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿಸಿಕೊಂಡು ಮಲಗಿದ್ದಳು. ನಾನು ಹೋಳಿಗೆ ಮುಟ್ಟದೆ ಎದ್ದು ಬಂದೆ. ನನಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಂಡಿರಿ.

ಗಾಡಿಯ ಮುಂಭಾಗ ನುಜ್ಜಾಗಿತ್ತು. ಕುಡಿದು ಓಡಿಸಿದ್ದಕ್ಕೆ ರಿಪೇರಿ ಖರ್ಚು ಕೊಡುವುದಿಲ್ಲವೆಂದು ವಿಮೆ ಕಂಪನಿ ಹೇಳಿದಾಗ ನೀನು ಕುದಿದದ್ದೇ ಕುದಿದದ್ದು. “ವರ್ಷಾ ವರ್ಷಾ ಕಟ್ಟಿಸ್ಕೋತಾರ, ಕೊಡೂ ಹೊತ್ನ್ಯಾಗ ಕೈ ಎತ್ತತಾರ. ಕಳ್ಳರು!” ಎಂದು ಬಂದವರೆದುರು, ಹೋದವರೆದುರು ಹೇಳಿದೆ. ಇಡೀ ಕಥೆಯಲ್ಲಿ ಅನ್ಯಾಯವಾದದ್ದು ನಿನಗೊಬ್ಬನಿಗೆ. ಬಂಪರು ಮುರಿದದ್ದನ್ನು ಎಷ್ಟು ಸಲ ಹೇಳಿದೆಯೋ ಲೆಕ್ಕವಿಲ್ಲ. ಕಾಲು ಮುರಿದದ್ದನ್ನು ಒಂದು ಸಲವೂ ಹೇಳಲಿಲ್ಲ.

ಇಷ್ಟಾದರೂ ಲೈಸೆನ್ಸು ವಾಪಸು ಬಂದ ಮೇಲೆ ನೀನು ತಿದ್ದಿಕೊಂಡಿರಬಹುದು ಎಂದು ನಂಬಿದ್ದೆ. ಯಾಕೆಂದರೆ ನಾನು ಬೇರೆ ಹನಮೇಶನನ್ನೂ ಕಂಡವಳು. ಅಪ್ಪ ತೀರಿಕೊಂಡ ವರ್ಷ ಅದೇ ಕಾಲುವೆ ರಸ್ತೆಯಲ್ಲಿ ನನಗೆ ಗಾಡಿ ಕಲಿಸಿದವನು ನೀನು. ಕೋಳಿ ಅಡ್ಡ ಬಂದರೂ ಬ್ರೇಕು ತುಳಿಸುತ್ತಿದ್ದೆ. ‘ನಡಕೊಂಡು ಹೋಗೋರ್ದು ಮೊದಲ ದಾರಿ, ಆಮ್ಯಾಲೆ ನಮ್ದು’ ಎನ್ನುತ್ತಿದ್ದೆ. ಅಕ್ಕಿ ಮಿಲ್ಲಿನ ದಲಾಲಿ ಕೆಲಸ ಕೈಗೆ ಹತ್ತಿ, ದಿನಾ ಸಂಜೆ ಧಾಬಾದಲ್ಲಿ ಕೂಡುವವರ ಜೊತೆ ಬೆರೆತ ಮೇಲೆ ಆ ಮನುಷ್ಯ ಎಲ್ಲಿ ಹೋದನೋ. ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಿದೆಯಲ್ಲ, ಇದಕ್ಕೇ. ಗೊತ್ತಿಲ್ಲದವನು ತಪ್ಪು ಮಾಡಿದರೆ ಬೇರೆ ಮಾತು.

ಯಲಬುರ್ಗಾದಲ್ಲಿ ದೊಡ್ಡಪ್ಪನ ಬಸುರಿ ಮಗಳ ಕುಬುಸ ಆಯಿತಲ್ಲ, ಅಲ್ಲಿ ನನ್ನ ನಂಬಿಕೆಯೂ ಹೋಯಿತು. ಊಟವಾದ ಮೇಲೆ ನೀವು ನಾಲ್ಕು ಜನ ಹಿತ್ತಲಿನ ಟ್ರಾಕ್ಟರಿನ ಮರೆಗೆ ಹೋದಿರಿ. ಬಂದಾಗ ನಿನ್ನ ಕಣ್ಣು ಕೆಂಪಗಿದ್ದವು. ಗೀತಾ ವೈನಿಯನ್ನೂ ಮಗುವನ್ನೂ ಗಾಡಿಯಲ್ಲಿ ಕೂಡಿಸಿ ಸ್ಟಾರ್ಟು ಮಾಡಿದೆ. ವೈನಿ ಬಾಗಿಲು ತೆಗೆದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಇಳಿದಳು, ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೀಗರೆಲ್ಲ ನೋಡುತ್ತಿದ್ದರು. ನಿನಗೆ ಅವಮಾನವಾಯಿತು. ಮನೆಗೆ ಹೋಗಿ ಆಕೆಯ ಜೊತೆ ಮಾತು ಬಿಟ್ಟೆ. ಹೆಂಡತಿಗೆ ನಿನ್ನ ಪಕ್ಕ ಕೂಡಲು ಭಯವಾಯಿತು ಎಂಬುದು ನಿನ್ನ ತಲೆಗೆ ಹೋಗಲೇ ಇಲ್ಲ.

ಅದಾದ ಮೇಲೆ ಬಂದದ್ದು ಈ ವಿಮೆಯ ಪಂಚಾಯಿತಿ. ಅವಧಿ ಮುಗಿದಿತ್ತು. ನಿನ್ನ ಹೆಸರಿಗೆ ಪೂರ್ತಿ ವಿಮೆ ಮಾಡಲು ಒಂದು ಕಂಪನಿ ಒಲ್ಲೆ ಎಂದಿತು, ಇನ್ನೊಂದು ನೂರೆಂಟು ಪ್ರಶ್ನೆ ಕೇಳಿತು. ಆಗ ನಿನಗೆ ತಂಗಿಯ ನೆನಪಾಯಿತು. ನೀನೇ ಬರಲಿಲ್ಲ, ಅವ್ವನನ್ನು ಕಳಿಸಿದೆ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ನನ್ನ ತಲೆಗೆ ಎಣ್ಣೆ ಹಚ್ಚುತ್ತ ಹೇಳಿದಳು: “ಬರೇ ಹೆಸರು ಕೊಡವ್ವಾ. ಹೆಸರು ಕೊಟ್ರ ನಿನ್ನ ಗಂಟೇನ್ ಹೋಗ್ತೈತಿ? ಗಾಡಿ ಇಲ್ದ ಅಂವ ದಲಾಲಿ ಹೆಂಗ ಮಾಡ್ಬೇಕು?”

ಗಂಟೇನು ಹೋಗುತ್ತದೆ! ನೀನು ಕುಡಿದು ಇನ್ನೊಬ್ಬರಿಗೆ ಗುದ್ದಿದರೆ ಕೋರ್ಟು ಕರೆಯುವುದು ಮಾಲಕಿಯನ್ನು. ಅದನ್ನೂ ಬಿಡು. ಮುಂದಿನ ಮೆಹಬೂಬಬೀಯನ್ನು ಕೆಡವುವ ಗಾಡಿಗೆ ನನ್ನ ಹೆಸರು ಇರಬೇಕೇ? ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ನಾನು ಇಲ್ಲವೆಂದರೆ ನೀನು ಇನ್ನೊಬ್ಬರ ಹೆಸರು ಹಿಡಿಯುತ್ತಿದ್ದೆ, ಇಲ್ಲವೇ ವಿಮೆಯೇ ಇಲ್ಲದೆ ಓಡಿಸುತ್ತಿದ್ದೆ. ಹಾಗಾಗಿ ಯೋಚಿಸಿ ಹೇಳುತ್ತೇನೆ ಎಂದೆ.

ಮರುದಿನ ಗಂಗಾವತಿಯಲ್ಲಿ ನಿನ್ನ ಏಜೆಂಟ್ ಯಂಕೋಬನ ಅಂಗಡಿಗೆ ಹೋದೆ. ಅವನು ಕುರ್ಚಿ ಒರೆಸಿ ಕೂಡಿಸಿದ. “ಅಕ್ಕಾರ, ನಿಮ್ಮ ಹೆಸರಿಗೆ ಒಂದ್ ಕಲೆ ಇಲ್ಲ, ಮ್ಯಾಲೆ ಸರ್ಕಾರಿ ನೌಕರಿ. ಮಾಲಕರು ಬದಲಾದ್ರ ಹೊಸಾ ಪಾಲಿಸಿ, ಹಳೇದನ್ನ ಯಾರೂ ಕೆದಕೂದಿಲ್ರಿ. ಗಾಡಿ ಯಾರು ಓಡಸ್ತಾರಂತ ಫೋನ್ ಮಾಡಿ ಕೇಳಿದ್ರ ‘ನಾನಾ ಓಡಸ್ತೀನಿ’ ಅಂತ ಹೇಳ್ರಿ, ಮುಗೀತು.”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಸುಳ್ಳು ಹೇಳಲು ನನಗೇನೂ ಕಷ್ಟಪಡಬೇಕಿಲ್ಲ ಎಂದು ಅವನು ತೋರಿಸಿಕೊಟ್ಟಿದ್ದ. ಆ ಸುಳ್ಳನ್ನು ನಿಜ ಮಾಡಲೂ ಹೆಚ್ಚು ಕಷ್ಟಪಡಬೇಕಿಲ್ಲ ಎಂದು ನನಗೆ ಹೊಳೆಯಿತು. ಲೈಸೆನ್ಸು ಇತ್ತು, ಓಡಿಸಲು ಬರುತ್ತಿತ್ತು. “ಆತು, ನಾನಾ ಓಡಸ್ತೀನಿ” ಎಂದೆ. ಯಂಕೋಬ ಖುಷಿಯಾಗಿ ಚಹಾ ತರಿಸಿದ.

ಕೊಪ್ಪಳದ ಆರ್‌ಟಿಓ ಆಫೀಸಿನಲ್ಲಿ ನೀನು ನಗುನಗುತ್ತ ಸಹಿ ಹಾಕಿದೆ. ಹೊಸ ಆರ್‌ಸಿ ಬಂತು, ಪಾಲಿಸಿಯೂ ಬಂತು. ಕಂಪನಿಯವರು ಫೋನು ಮಾಡಿದಾಗ ನಾನೇ ಓಡಿಸುತ್ತೇನೆ ಎಂದು ನಿಜವನ್ನೇ ಹೇಳಿದೆ. ಆಮೇಲೆ ಯಂಕೋಬನ ಅಂಗಡಿ ಮುಂದೆ ಚಾವಿ ಕೇಳಿದರೆ ನೀನು ಚಾವಿಯನ್ನು ಗಾಳಿಯಲ್ಲಿ ಎಸೆದು ಕೊಟ್ಟೆ. “ಓಡ್ಸು ಓಡ್ಸು, ಈಗ ಮಾಲಕಿ ಅಲ್ಲೇನು!” ಎಂದು ಗೆಳೆಯರ ಕಡೆ ನೋಡಿ ಕಣ್ಣು ಹೊಡೆದೆ. ನಾನು ಒಂದು ಸುತ್ತು ಹೊಡೆದು ಬರುತ್ತೇನೆಂದು ನೀನು ಕಾದೆ. ನಾನು ನೇರ ಶ್ರೀರಾಮನಗರಕ್ಕೆ ಬಂದೆ. ಕಾಲುವೆ ರಸ್ತೆಗೆ ಬಂದಾಗ ವೇಗ ಇಳಿಸಿದೆ, ಆದರೆ ನಿಲ್ಲಿಸಲಿಲ್ಲ.

ಇನ್ನು ಮುಂದಿನದನ್ನು ಸರಿಯಾಗಿ ಓದು. ಮೊನ್ನೆ ಸೋಮವಾರ ಮೆಹಬೂಬಬೀಯನ್ನು ಕೊಪ್ಪಳಕ್ಕೆ ಕಾಲು ತೋರಿಸಲು ಕರೆದೊಯ್ಯಬೇಕಿತ್ತು. ಅವ್ವ ನಿನ್ನ ಪರವಾಗಿ ಜಗಳ ಮಾಡಲೆಂದು ನನ್ನ ಮನೆಗೆ ಬಂದಿದ್ದಳು. ಆಕೆಯನ್ನೂ ಕರೆದುಕೊಂಡು ಗಾಡಿ ತಗೊಂಡು ಹೋದೆ. ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆಯಿತ್ತು. ಮೆಹಬೂಬಬೀ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಅದು ಯಾವ ಗಾಡಿ ಎಂದು ಓಣಿಯವರು ಆಕೆಗೆ ಆಗಲೇ ಹೇಳಿದ್ದರು; ನೋಡಿದವಳೇ ಚೌಕಟ್ಟು ಹಿಡಿದು ನಿಂತುಬಿಟ್ಟಳು.

“ನಾ ಆ ಗಾಡ್ಯಾಗ ಕುಂದ್ರಂಗಿಲ್ಲವಾ. ನೀ ಬಾ, ಬಸ್ಸಿಗೆ ಹೋಗೂನು.”

ನನ್ನ ಹೆಮ್ಮೆ ಅಲ್ಲೇ ಮಣ್ಣಾಯಿತು. ಚಾವಿ ಸೆರಗಿಗೆ ಕಟ್ಟಿಕೊಂಡೆ. ಅವ್ವ ತಲೆ ಬಗ್ಗಿಸಿ ನಿಂತಿದ್ದಳು. ಮೆಹಬೂಬಬೀ ಆಕೆಯನ್ನು ನೋಡಿ, ದನಿ ಏರಿಸದೆ ಕೇಳಿದಳು: “ನೀವು ಅವನ ತಾಯೇನ್ರಿ? ನಿಮ್ಮ ಮಗನ ಮುಖಾನ ನಾ ನೋಡಿಲ್ಲ. ಬರೇ ಲೈಟ್ ನೋಡೀನಿ. ಕಣ್ಣು ಮುಚ್ಚಿದ್ರ ಆ ಲೈಟಾ ಬರ್ತೈತಿ. ನನ್ನ ಕೆಡವಿದಾಂವ ಮನಶಾನೋ ಏನು ಅಂತಾದ್ರೂ ನನಗ ಗೊತ್ತಾಗಬೇಕಲ್ರಿ.”

ಬಸ್ಸಿನಲ್ಲಿ ಕೊಪ್ಪಳದವರೆಗೂ ಅವ್ವ ಮೆಹಬೂಬಬೀಯ ಮುರಿದ ಕಾಲಿಗೆ ಯಾರೂ ತಾಗದಂತೆ ಅಡ್ಡ ನಿಂತೇ ಬಂದಳು. ಸೀಟು ಸಿಕ್ಕರೂ ಕೂಡಲಿಲ್ಲ. ನಿನ್ನ ಹೆಸರು ಎತ್ತಲಿಲ್ಲ. ಮೆಹಬೂಬಬೀ ಇನ್ನು ಗದ್ದೆಗೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದರು. ಅವ್ವ ಅಂದಿನಿಂದ ಇಲ್ಲೇ ಇದ್ದಾಳೆ. ಬೆಳಿಗ್ಗೆ ಎದ್ದು ಮೆಹಬೂಬಬೀಯ ಮನೆಗೆ ಎರಡು ಕೊಡ ನೀರು ಹಾಕಿ ಬರುತ್ತಾಳೆ. ನಾನು ಹೇಳಿಲ್ಲ, ಮೆಹಬೂಬಬೀಯೂ ಕೇಳಿಲ್ಲ.

ಗಾಡಿ ನಿನಗೆ ಸಿಗುವುದಿಲ್ಲ. ವೈನಿಗೆ ಬೇಕಾದರೆ ಬರಲಿ, ಕಲಿಸುತ್ತೇನೆ. ಮಿಲ್ಲಿಗೆ ಬಸ್ಸಿದೆ, ನಿನಗೆ ಕಾಲಿದೆ. ಚಾವಿ ಕೇಳಲು ನನ್ನ ಮನೆಗೆ ಬರಬೇಡ. ಬರುವುದಾದರೆ ಕುಡಿಯದೆ, ಹಗಲು ಹೊತ್ತಿನಲ್ಲಿ ಮೆಹಬೂಬಬೀಯ ಮನೆಗೆ ಬಾ. ಯಾರನ್ನು ಕೇಳಿದರೂ ತೋರಿಸುತ್ತಾರೆ. ನಾನು ಜೊತೆಗೆ ಬರುವುದಿಲ್ಲ, ಅವ್ವನೂ ಬರುವುದಿಲ್ಲ. ಆಕೆ ಬೈದರೆ ಬೈಸಿಕೋ. ಬಾಗಿಲು ಹಾಕಿಕೊಂಡರೆ ಹೊರಗೆ ನಿಲ್ಲು. ಆಕೆ ಬಾಗಿಲು ತೆರೆದಾಗ ಕಣ್ಣಿಗೆ ಬೀಳುವುದು ನಿನ್ನ ಮುಖವಾಗಿರಲಿ.

ನಿನಗೆ ಬುದ್ಧಿ ಬರಲೆಂದು ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಾಳೆ. ನಾನು ಹೊತ್ತಿಲ್ಲ, ಅದು ದೇವಿ ಮಾಡುವ ಕೆಲಸವಲ್ಲ, ನೀನು ಮಾಡುವ ಕೆಲಸ. ಗಟ್ಟಿಯಾಗಿರು, ನಿನ್ನ ಮಗು ದೊಡ್ಡದಾಗುವುದನ್ನು ಎಚ್ಚರದಲ್ಲಿದ್ದು ನೋಡು.

ಸಿಟ್ಟು ಇಳಿಯದ ನಿನ್ನ ತಂಗಿ,
ಸುನಿತಾ