ಎಂದಿನಂತೆ ಎಂದು ಬರೆದವಳು

ಪಾಂಡವಪುರ
14-3-1997

ಪ್ರೀತಿಯ ರಂಜಿತ,

ತೀರ್ಪು ಬಂದು ಮೂರು ದಿನವಾಯಿತು. ನಿಮ್ಮಮ್ಮ ನಿನ್ನ ಸ್ಕೂಲಿಗೆ ಫೋನು ಮಾಡಿಸಿರುತ್ತಾರೆ, ಸೋತದ್ದು ನಿನಗೆ ಗೊತ್ತಾಗಿರುತ್ತದೆ. ಯಾಕೆ ಸೋತೆವು ಎಂಬುದನ್ನು ಅವರು ಹೇಳಲಾರರು. ಅದನ್ನು ನಾನೇ ಹೇಳಬೇಕು. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿಮ್ಮ ತಂದೆ ಹೋದ ಮೇಲೆ, 1991ರಲ್ಲಿ, ಮೇಲುಕೋಟೆ ದಾರಿಯ ಜಮೀನು ಭಾಗವಾಯಿತು. ಬಾವಿ ಇರುವ ತುಂಡು ನಿಮ್ಮ ಚಿಕ್ಕಪ್ಪ ಚಿಕ್ಕಸ್ವಾಮಿಯವರಿಗೆ ಹೋಯಿತು. ಕನಕಾಂಬರ ಹಾಕಿದ್ದ ಇಪ್ಪತ್ತು ಗುಂಟೆ ಅಮ್ಮನಿಗೆ ಬಂತು. ‘ಜಯಲಕ್ಷ್ಮಮ್ಮನವರು ಸದರಿ ಬಾವಿಯ ನೀರನ್ನು ಎಂದಿನಂತೆ ಬಳಸಿಕೊಳ್ಳತಕ್ಕದ್ದು’ ಎಂದು ರಾಜಿ ಪತ್ರದಲ್ಲಿ ಬರೆದಿತ್ತು. ಮೂರು ವರ್ಷ ಏನೂ ತಂಟೆಯಿರಲಿಲ್ಲ. ಆಮೇಲೆ ನಿಮ್ಮ ಚಿಕ್ಕಪ್ಪ ಮೋಟಾರು ಮನೆಗೆ ಬೀಗ ಹಾಕಿದರು. ಎಂದಿನಂತೆ ಅಂದರೆ ಕೊಡದಲ್ಲಿ ಸೇದಿಕೊಳ್ಳುವುದು, ಹೂವಿನ ಗಿಡಕ್ಕೆ ಹಾಯಿಸುವುದಲ್ಲ ಎಂದರು. ಆ ಬೇಸಿಗೆಯಲ್ಲೇ ಗಿಡಗಳೆಲ್ಲ ಒಣಗಿದವು. ನಾವು ಕೋರ್ಟಿಗೆ ಹೋದೆವು, ಅಮ್ಮನ ಪರ ವಕೀಲಳು ನಾನೇ.

ದಿನಕ್ಕೆ ಎಷ್ಟು ನೀರು ಬಿಟ್ಟುಕೊಳ್ಳುತ್ತಿದ್ದಿರಿ ಎಂದು ಅವರ ವಕೀಲರು ಅಮ್ಮನನ್ನು ಕೇಳಿದರು. ‘ಎಷ್ಟು ಬೇಕೋ ಅಷ್ಟು ಬುಟ್ಕತಿದ್ದೊ ಸ್ವಾಮಿ’ ಎಂದರು ಅಮ್ಮ. ಎಷ್ಟು ಹೊತ್ತು ಎಂದರೆ, ‘ಗಿಡ ನೆನೆಯೋಗಂಟ.’ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೋಟಾರು ಎಷ್ಟು ಹೊತ್ತು ಓಡುತ್ತಿತ್ತು ಎಂದು ಅವರನ್ನು ಮೊದಲೇ ಕೇಳಿಕೊಂಡು ದಾವೆಯಲ್ಲಿ ಬರೆಯಬೇಕಾದವಳು ನಾನು. ನಾನು ಬರೆದದ್ದು ‘ಬಹುಕಾಲದಿಂದ’, ‘ಸಾಕಷ್ಟು’, ‘ಅಗತ್ಯಕ್ಕೆ ತಕ್ಕಂತೆ’. ನಮ್ಮ ಸೀನಿಯರ್ ಕಲಿಸಿದ್ದೇ ಹಾಗೆ. ಬಿಗಿಯಾಗಿ ಹೇಳಿದರೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೀಯ, ಸಡಿಲವಾಗಿದ್ದರೆ ಬೇಕಾದ ಕಡೆಗೆ ತಿರುಗಿಸಬಹುದು ಅನ್ನುತ್ತಾರೆ. ಬೇಕಾದ ಕಡೆಗೆ ತಿರುಗಿಸುವವರು ಎದುರು ಪಕ್ಷದಲ್ಲೂ ಇರುತ್ತಾರೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಿಕ್ಕಸ್ವಾಮಿಯವರು ಕಟಕಟೆಗೆ ಬಂದು ನಿಂತು, ‘ದಿವ್ಸಕ್ಕೆ ಎಂಟು ಕೊಡ. ಬೆಳಿಗ್ಗೆ ಐದು, ಸಂಜೆ ಮೂರು’ ಎಂದರು. ಯಾರು ಎಣಿಸಿದವರು ಎಂದು ಕೇಳಿದೆ. ‘ನಮ್ಮನೆಯವ್ಳು ಕಣ್ಣಾರೆ ನೋಡವ್ಳೆ.’ ಹಾಗಾದರೆ ಗಿಡ ಹೇಗೆ ಬದುಕಿದ್ದವು ಎಂದರೆ, ‘ಮಳೇಲೇ ಬರ್ತಿದ್ದೊ.’ ಆ ಸೀಮೆಯ ಮಳೆ ಎಷ್ಟು ಅಂತ ನಿನಗೆ ಗೊತ್ತು. ನನ್ನ ಕೈಯಲ್ಲಿ ಅದಕ್ಕೂ ಒಂದು ಕಾಗದವಿರಲಿಲ್ಲ.

ವಾದಿಯ ಹೇಳಿಕೆ ಅಸ್ಪಷ್ಟ, ಪ್ರತಿವಾದಿಯ ಹೇಳಿಕೆ ಖಚಿತವಾಗಿದ್ದು ನಂಬಲು ಅರ್ಹ ಎಂದು ತೀರ್ಪಿನಲ್ಲಿದೆ. ನ್ಯಾಯಾಧೀಶರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಸುಳ್ಳಿಗೆ ಎಂಟು ಎಂಬ ಅಂಕಿಯಿತ್ತು, ನಮ್ಮ ನಿಜಕ್ಕೆ ಏನೂ ಇರಲಿಲ್ಲ. ಹೊರಗೆ ಬಂದ ಮೇಲೆ ಅಮ್ಮ ಬೇವಿನ ಮರದ ಕೆಳಗೆ ಕುಳಿತು, ‘ನೀನೇ ಹೇಳವ್ವ, ನೀರ್ನ ಅಳೆದು ಬುಟ್ಕತಾರಾ ಯಾರಾದ್ರೂವೆ’ ಎಂದರು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಇನ್ನು ಹೇಳಲೇಬೇಕಾದದ್ದು. ರಾಜಿ ಪತ್ರದಲ್ಲಿ ಬರೆದಿತ್ತು ಎಂದೆನಲ್ಲ, ಅದನ್ನು ಬರೆದವಳು ನಾನು. ಆಗ ಆಫೀಸಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಮೊದಲು, ಮಾತುಕತೆಯಲ್ಲಿ ಒಪ್ಪಿಕೊಂಡಿದ್ದಂತೆ, ‘ದಿನಕ್ಕೆ ಒಂದು ಗಂಟೆ ಮೋಟಾರು’ ಎಂದೇ ಬರೆದಿದ್ದೆ. ಚಿಕ್ಕಸ್ವಾಮಿಯವರು ಪೆನ್ನು ಕೆಳಗಿಟ್ಟು, ‘ಗಂಟೆ ಗಿಂಟೆ ಯಾಕವ್ವ, ನಮ್ಮತ್ತಿಗೆ ಎಂದಿನಂಗೆ ಬುಟ್ಕಳ್ಲಿ, ನಾನೇನು ಬ್ಯಾಡ ಅಂದ್ನಾ’ ಎಂದರು. ರಾಜಿ ಮುರಿದೀತೆಂದು ಹೆದರಿ ಹಾಳೆ ಬದಲಿಸಿದೆ. ಎಲ್ಲರೂ ಒಪ್ಪುವ ಪದ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ ಕೂಡ. ಅಮ್ಮ ರುಜು ಹಾಕುವ ಮೊದಲು, ‘ಅಂಗಂದ್ರೆ ಒಂದು ಗಂಟೆ ಮೋಟ್ರು ತಾನೆ’ ಎಂದು ಕೇಳಿದರು. ‘ಅದೇ ಅಮ್ಮ’ ಎಂದೆ. ನಿಮ್ಮ ಚಿಕ್ಕಪ್ಪ ಗೋಡೆ ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ಅವರು ಸುಮ್ಮನಿದ್ದದ್ದನ್ನು ಕಂಡೂ ನಾನು ಸುಮ್ಮನಿದ್ದೆ, ದಾವೆ ಹಾಕುವಾಗಲೂ.

ಅಪೀಲಿಗೆ ಇನ್ನೂ ದಿನವಿದೆ. ಶ್ರೀರಂಗಪಟ್ಟಣದ ದೇವರಾಜು ಎಂಬ ವಕೀಲರನ್ನು ನೋಡು. ಮಾತು ಕಡಿಮೆ, ಆದರೆ ಜಮೀನಿಗೆ ಹೋಗಿ ಟೇಪು ಹಿಡಿದು ನಿಲ್ಲುವ ಮನುಷ್ಯ. ಆ ದಿನ ಅಮ್ಮ ಕೇಳಿದ್ದು, ನಾನು ಹೇಳಿದ್ದು, ನಿಮ್ಮ ಚಿಕ್ಕಪ್ಪ ಸುಮ್ಮನಿದ್ದದ್ದು, ಎಲ್ಲವನ್ನೂ ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಅಪೀಲಿನಲ್ಲಿ ಹೊಸ ಸಾಕ್ಷಿಯನ್ನು ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಿದರೂ ಗಂಟೆಯ ಮಾತು ತೆಗೆದು ಹಾಕಿದ್ದೇ ನಮಗೆ ತಿರುಗುಬಾಣವಾಗಬಹುದು. ಆದರೂ ಹೇಳುತ್ತೇನೆ.

ಅಮ್ಮನಿಗೆ ಇದನ್ನು ಓದಿ ಹೇಳು. ನನ್ನ ಮೇಲೆ ಕೋಪ ಬಂದರೆ ಬರಲಿ, ತಮ್ಮ ಮಾತಿನಿಂದಲೇ ಸೋತದ್ದು ಎಂದು ಅವರು ಕೊರಗುವುದು ಬೇಡ.

ನಿನ್ನ,
ದೀಪಶ್ರೀ

ಮರೆತಿದ್ದೆ: ಉತ್ತರ ಬರೆಯುವುದಾದರೆ ಆಫೀಸಿನ ವಿಳಾಸಕ್ಕೆ ಬೇಡ, ನಾಗಮಂಗಲದ ನಮ್ಮ ಮನೆಗೆ ಬರೆ. ಸಾಕ್ಷಿ ಹೇಳುವ ವಿಷಯ ನಿನ್ನೆ ಸೀನಿಯರ್‌ಗೆ ತಿಳಿಸಿದೆ. ‘ನಾಳೆಯಿಂದ ಬರಬೇಡ’ ಎಂದರು. ಇಷ್ಟು ಸ್ಪಷ್ಟವಾದ ಮಾತನ್ನು ಆರು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿರಲಿಲ್ಲ.