ಫೋನಿನೊಳಗಿನ ಪಿಟೀಲು

ಸ್ಕಾರ್‌ಹೋಲ್ಮ್ ದ್ವೀಪ, ನಾರ್ವೆ
ಸೋಮವಾರ

ಸಂಸ್ಕೃತಿ ಇಲಾಖೆಯ ಜಾಹೀರಾತು ವಿಭಾಗದ ಇಂಗ್‌ವಿಲ್ ಅವರಿಗೆ ನಮಸ್ಕಾರ.

ನನ್ನ ಪಿಟೀಲು ತರಗತಿಗೆಂದು ನೀವು ಸರ್ಕಾರದ ಹಣದಲ್ಲಿ ಫೇಸ್‌ಬುಕ್ಕಿಗೆ ಹಾಕಿಸಿದ ಜಾಹೀರಾತು ಏನಾಯಿತೆಂದು ಕೇಳಿದ್ದೀರಿ. ನಮ್ಮ ದ್ವೀಪದಲ್ಲಿ ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನವರಿಗಷ್ಟೇ ಕಾಣುವಂತೆ ಅದನ್ನು ಬಿಟ್ಟಿರಿ. ಆ ವಯಸ್ಸಿನವಳು ಇಲ್ಲಿರುವುದು ಒಬ್ಬಳೇ, ಮೀನು ಸಾಕಣೆಯ ದೋಣಿ ನಡೆಸುವ ಟೂರುನ್. ಇಲಾಖೆಯ ಇಡೀ ಹಣ ಅವಳೊಬ್ಬಳ ಬೆನ್ನು ಹತ್ತಿತು.

ಕೊನೆಗೊಂದು ದಿನ ಗಂಬೂಟಿನಲ್ಲೇ ನನ್ನ ಮನೆಗೆ ನುಗ್ಗಿದಳು.

"ಏನ್ ಮೇಷ್ಟ್ರೇ ಇದು? ಹಲ್ಲುಜ್ಜುವಾಗ್ಲೂ ನಿಮ್ಮದೇ ಮುಖ, ದೋಣೀಲೂ ನಿಮ್ಮದೇ ಕುಯ್ಯೋ ಕುಯ್ಯೋ! ನಿಲ್ಸಿ ಮೊದ್ಲು!"

"ನಿಲ್ಸೋದು ನನ್ನ ಕೈಲಿಲ್ಲಮ್ಮ. ಹೇಗೂ ಬಂದಿದ್ದೀಯ, ಪಿಟೀಲು ಒಂದ್ಸಲ ಹಿಡಿದು ನೋಡು," ಎಂದೆ.

ಹಿಡಿದಳು. ಅಂದಿನಿಂದ ಒಂದು ಮಂಗಳವಾರದ ತರಗತಿಯನ್ನೂ ತಪ್ಪಿಸಿಲ್ಲ. ನನ್ನೊಂದಿಗೇ ಮುಗಿದುಹೋಗುತ್ತದೆ ಎಂದುಕೊಂಡಿದ್ದ ನಮ್ಮಜ್ಜನ ಮದುವೆ ಕುಣಿತದ ರಾಗ ಈಗ ಅರ್ಧ ಅವಳ ಕೈಯಲ್ಲಿದೆ. ಯಾಕೆ ಬರುತ್ತೀಯ ಎಂದು ಕೇಳಿದರೆ, "ಆ ಜಾಹೀರಾತು ನನಗೆ ಕಾಟ ಕೊಡೋವರೆಗೂ ನಾನು ನಿಮಗೆ ಕಾಟ ಕೊಡ್ತೀನಿ!" ಎಂದು ನಗುತ್ತಾಳೆ.

ಈ ಶುಕ್ರವಾರ ಅವಳಿಗೆ ಇಪ್ಪತ್ತಾರು ತುಂಬುತ್ತದೆ. ದಯವಿಟ್ಟು ಗುರುವಾರದೊಳಗೆ ನಿಮ್ಮ ವಯಸ್ಸಿನ ಮಿತಿಯನ್ನು ಒಂದು ವರ್ಷ ಏರಿಸಿ. ರಾಗ ಇನ್ನೂ ಅರ್ಧ ಬಾಕಿಯಿದೆ.

ಇಂತಿ ನಿಮ್ಮ,
ಹಾಲ್ವ್‌ದಾನ್, ಪಿಟೀಲು ಮೇಷ್ಟ್ರು